ತೊಗರಿಯ ಕಣದಿಂದ ಊಟದ ತಾಟಿಗೆ: ಆಹಾರ ವ್ಯವಸ್ಥೆಯಲ್ಲಿ ಸ್ವಯಂಸೇವಕರ ಕೆಲಸ ಯಾವುದು?

ವಿಶ್ವಸಂಸ್ಥೆಯು 2026ನೇ ಇಸವಿಗೆ ಒಂದಕ್ಕಿಂತ ಹೆಚ್ಚು ಹೆಸರು ಇಟ್ಟಿದೆ. ಅದು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೂ ಹೌದು, ಸುಸ್ಥಿರ ಅಭಿವೃದ್ಧಿಗಾಗಿ ಸ್ವಯಂಸೇವಕರ ವರ್ಷವೂ ಹೌದು. ಈ ಎರಡು ಹೆಸರು ಕೂಡಿಬಂದದ್ದರಿಂದಲೋ ಏನೋ, ಕಲಬುರಗಿಯ ನಮ್ಮ ಓಣಿಯ ಪದವಿ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಅರ್ಜಿಯ ನಮೂನೆ ಹಿಡಿದು ಮನೆಗೆ ಬಂದಳು. ಅದರ ತಲೆಯ ಮೇಲೆ ‘ನ್ಯಾಯಯುತ, ಸುಸ್ಥಿರ ಜಾಗತಿಕ ಆಹಾರ ವ್ಯವಸ್ಥೆಗಾಗಿ ಸ್ವಯಂಸೇವೆ’ ಎಂದಿತ್ತು. ಕೆಳಗೆ ‘ನೀವು ಮಾಡಬಯಸುವ ಕೆಲಸದ ಸ್ವರೂಪ’ ಎಂಬ ಖಾಲಿ ಗೆರೆ. ಜೇವರ್ಗಿ ತಾಲ್ಲೂಕಿನಲ್ಲಿ ಅವಳ ಮನೆಯವರು ನಾಲ್ಕು ಎಕರೆಯಲ್ಲಿ ತೊಗರಿ ಬೆಳೆಯುತ್ತಾರೆ. ‘ಇಷ್ಟುದ್ದ ಬರದಾರಲ್ರಿ, ಅಂದ್ರ ನಾವು ಮಾಡೋದೇನು? ಊಟ ಹಂಚೋದಾ?’ ಎಂದು ಕೇಳಿದಳು.

ಅವಳ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇರಲಿಲ್ಲ. ಊಟ ಹಂಚುವುದು ಈ ಕೆಲಸದ ಒಂದು ತುದಿ ಮಾತ್ರ. ಉಳಿದದ್ದು ತಿಳಿಯಬೇಕಾದರೆ ಆ ಉದ್ದನೆಯ ಹೆಸರನ್ನು ಒಂದೊಂದು ಪದವಾಗಿ ಬಿಡಿಸಿಕೊಳ್ಳಬೇಕಾಗುತ್ತದೆ.

ಆಹಾರ ವ್ಯವಸ್ಥೆ ಎಂದರೇನು?

ಬೀಜ ಮಣ್ಣಿಗೆ ಬಿದ್ದ ಗಳಿಗೆಯಿಂದ ತಾಟಿನಲ್ಲಿ ಉಳಿದ ಅನ್ನ ತಿಪ್ಪೆ ಸೇರುವವರೆಗಿನ ಇಡೀ ದಾರಿಗೆ ಆಹಾರ ವ್ಯವಸ್ಥೆ ಎನ್ನುತ್ತಾರೆ. ಆ ದಾರಿಯಲ್ಲಿ ಹೊಲ, ಕಣ, ಅಡತಿ ಅಂಗಡಿ, ಗಂಜ್ ಎಂದು ನಾವು ಕರೆಯುವ ಕೃಷಿ ಮಾರುಕಟ್ಟೆ, ಬೇಳೆ ಮಿಲ್ಲು, ಲಾರಿ, ಕಿರಾಣಿ ಅಂಗಡಿ, ಅಡುಗೆಮನೆ ಎಲ್ಲವೂ ಬರುತ್ತವೆ. ಕಣ್ಣಿಗೆ ಕಾಣದ ಆಮದು ಸುಂಕ, ಬೆಂಬಲ ಬೆಲೆ, ಪಡಿತರದ ಕಾಯ್ದೆ, ಬ್ಯಾಂಕಿನ ಸಾಲದ ನಿಯಮಗಳೂ ಅದೇ ದಾರಿಯಲ್ಲಿವೆ. ನ್ಯಾಯಯುತ ಎಂದರೆ ಈ ದಾರಿಯಲ್ಲಿ ದುಡಿದವರಿಗೆ ಅವರ ಪಾಲು ಸಿಗುವುದು ಮತ್ತು ದಾರಿಯ ಕೊನೆಯಲ್ಲಿ ಯಾರೂ ಹಸಿದು ಮಲಗದಿರುವುದು. ಸುಸ್ಥಿರ ಎಂದರೆ ಇದೇ ಹೊಲದಲ್ಲಿ ಮೊಮ್ಮಕ್ಕಳೂ ಬಿತ್ತುವಂತೆ ಮಣ್ಣು, ನೀರು ಉಳಿಯುವುದು.

ಜಗತ್ತಿನಲ್ಲಿ ಕಾಳು ಸಾಲದೆ ಜನ ಹಸಿದಿದ್ದಾರೆ ಎಂದು ಹಲವರು ತಿಳಿದಿದ್ದಾರೆ. ಲೆಕ್ಕ ಹಾಗಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಸೋದರ ಸಂಸ್ಥೆಗಳೊಡನೆ 2025ರಲ್ಲಿ ಹೊರತಂದ ವರದಿಯ ಪ್ರಕಾರ, 2024ರಲ್ಲಿ ಸುಮಾರು 67 ಕೋಟಿ ಜನ ಹಸಿವಿನಲ್ಲಿದ್ದರು. ವಿಶ್ವಸಂಸ್ಥೆಯದೇ ಪರಿಸರ ಕಾರ್ಯಕ್ರಮದ ಅಂದಾಜಿನಂತೆ 2022ರಲ್ಲಿ ಅಂಗಡಿ, ಹೋಟೆಲ್ಲು, ಮನೆಗಳಲ್ಲಿ ಪೋಲಾದ ಆಹಾರ 105 ಕೋಟಿ ಟನ್. ಅದು ಜನರ ಕೈಗೆ ಎಟುಕುವಂತಿದ್ದ ಆಹಾರದ ಶೇ 19ರಷ್ಟು. ಸುಗ್ಗಿಯಾದ ಮೇಲೆ, ಅಂಗಡಿಗೆ ಬರುವ ಮೊದಲೇ ಹಾಳಾಗುವ ಶೇ 13ರಷ್ಟು ಇದರಲ್ಲಿ ಸೇರಿಲ್ಲ. ಹಗೇವಿನ ತುಂಬ ಜೋಳವಿದ್ದೂ ಮನೆಯ ಒಬ್ಬರು ಉಪವಾಸವಿದ್ದರೆ ಹಿರಿಯರು ದೂರುವುದು ಜೋಳವನ್ನಲ್ಲ, ಬಡಿಸುವ ಕೈಯನ್ನು.

ಇನ್ನೆರಡು ಪದಗಳು ಆಗಾಗ ಕಿವಿಗೆ ಬೀಳುತ್ತವೆ. ಎಲ್ಲರಿಗೂ ಸಾಕಷ್ಟು, ಪೌಷ್ಟಿಕವಾದ ಆಹಾರ ಸಿಗುವುದಕ್ಕೆ ಆಹಾರ ಭದ್ರತೆ ಎನ್ನುತ್ತಾರೆ. ಆಹಾರ ಸಾರ್ವಭೌಮತ್ವ ಎಂಬುದು ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಏನು ಬೆಳೆಯಬೇಕು, ಹೇಗೆ ಬೆಳೆಯಬೇಕು, ಏನು ಉಣ್ಣಬೇಕು ಎಂದು ತೀರ್ಮಾನಿಸುವ ಹಕ್ಕು ಬೆಳೆಯುವವರಿಗೂ ಉಣ್ಣುವವರಿಗೂ ಇರಬೇಕು ಎನ್ನುವ ವಾದ ಅದು. ಖಾನಾವಳಿಯಲ್ಲಿ ತಿಂಗಳ ದುಡ್ಡು ಕಟ್ಟಿದವನಿಗೆ ಎರಡು ಹೊತ್ತಿನ ಊಟದ ಭದ್ರತೆಯಿದೆ, ಆದರೆ ಇವತ್ತು ಝುಣಕವೋ ಪುಂಡಿಪಲ್ಯವೋ ಎಂಬುದು ಅವನ ಕೈಯಲ್ಲಿಲ್ಲ ಎಂದರೆ ವ್ಯತ್ಯಾಸ ಹೊಳೆದೀತು. ಈ ಎರಡನೆಯ ಪದವನ್ನು 1996ರ ರೋಮ್ ವಿಶ್ವ ಆಹಾರ ಶೃಂಗಸಭೆಯ ಹೊತ್ತಿಗೆ ಜಗತ್ತಿನ ಮುಂದಿಟ್ಟದ್ದು 1993ರಲ್ಲಿ ಹುಟ್ಟಿದ ‘ಲಾ ವಿಯಾ ಕಂಪೆಸೀನಾ’ ಎಂಬ ರೈತ ಸಂಘಟನೆಗಳ ಜಾಗತಿಕ ಒಕ್ಕೂಟ. ಕರ್ನಾಟಕ ರಾಜ್ಯ ರೈತ ಸಂಘವೂ ಅದರೊಡನೆ ಗುರುತಿಸಿಕೊಂಡಿದ್ದರಿಂದ ಈ ಮಾತು ನಮಗೆ ತೀರ ಪರಕೀಯವೇನಲ್ಲ. ವಿಶ್ವಸಂಸ್ಥೆಯು 2018ರ ಡಿಸೆಂಬರಿನಲ್ಲಿ ರೈತರ ಹಾಗೂ ಗ್ರಾಮೀಣ ದುಡಿಮೆಗಾರರ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದ ಹಿಂದೆಯೂ ಈ ಒಕ್ಕೂಟದ ಹಲವು ವರ್ಷಗಳ ಒತ್ತಾಯವಿತ್ತು.

ಕಲಬುರಗಿಯ ಗಂಜ್ ಮಾರುಕಟ್ಟೆಗೂ ಮೊಜಾಂಬಿಕ್‌ಗೂ ಏನು ನಂಟು?

‘ಜಾಗತಿಕ’ ಎಂಬ ಮಾತು ಕೇಳಿದಾಗ ನಮ್ಮವರು ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಪಕ್ಕಕ್ಕೆ ಸರಿಸುತ್ತಾರೆ. ತೊಗರಿಯ ಕಣಜವೆನಿಸಿಕೊಂಡ, ತನ್ನ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಪಡೆದ ಜಿಲ್ಲೆಯವರು ಹೀಗೆ ಹೇಳುವಂತಿಲ್ಲ. ಜಗತ್ತಿನಲ್ಲಿ ಬೇಳೆಕಾಳುಗಳನ್ನು ಅತಿ ಹೆಚ್ಚು ಬೆಳೆಯುವ, ಅತಿ ಹೆಚ್ಚು ತಿನ್ನುವ, ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಒಂದೇ, ಅದು ನಮ್ಮದು. ನಾವು ಬೆಳೆದದ್ದು ನಮಗೇ ಸಾಲದಾದಾಗ ತೊಗರಿ ಮ್ಯಾನ್ಮಾರ್ ಮತ್ತು ಆಫ್ರಿಕಾದ ಮೊಜಾಂಬಿಕ್, ಟಾಂಜಾನಿಯಾ, ಮಲಾವಿಗಳಿಂದ ಹಡಗೇರಿ ಬರುತ್ತದೆ.

2015ರಲ್ಲಿ ಮಳೆ ಕೈಕೊಟ್ಟು ಬೇಳೆಯ ದರ ಕಿಲೋಗೆ 200 ರೂಪಾಯಿಯ ಹತ್ತಿರ ಹೋದದ್ದು ಹಲವರಿಗೆ ನೆನಪಿದ್ದೀತು. ಮರುವರ್ಷ ಸರ್ಕಾರವು ಮೊಜಾಂಬಿಕ್ ಜೊತೆ ತೊಗರಿ ಖರೀದಿಯ ಒಪ್ಪಂದ ಮಾಡಿಕೊಂಡಿತು. ಭಾರತ ಕೊಳ್ಳುತ್ತದೆ ಎಂಬ ಭರವಸೆಯ ಮೇಲೆ ಅಲ್ಲಿನ ಸಣ್ಣ ರೈತರು ಹೆಚ್ಚು ಬಿತ್ತಿದರು. ಹೋದ ವರ್ಷದ ದರ ನೋಡಿ ಇಲ್ಲಿನವರೂ ಹೆಚ್ಚು ಬಿತ್ತಿದರು, ಮಳೆಯೂ ಆಯಿತು, ರಾಶಿಯೂ ಆಯಿತು. 2016-17ರ ಹಂಗಾಮಿನಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ ಇತ್ತು. ಗಂಜಿನ ದರ ಅದಕ್ಕಿಂತ ಕೆಳಗಿಳಿಯಿತು. ನಮ್ಮ ರೈತರನ್ನು ಕಾಯಲೆಂದು 2017ರ ಆಗಸ್ಟ್‌ನಲ್ಲಿ ಆಮದಿಗೆ 2 ಲಕ್ಷ ಟನ್ನಿನ ಮಿತಿ ಹಾಕಿದಾಗ ಮೊಜಾಂಬಿಕ್‌ನ ಹಳ್ಳಿಗಳಲ್ಲಿ ತೊಗರಿಯ ದರ ಕುಸಿದುಬಿತ್ತು. ಅಲ್ಲಿ ತೊಗರಿಯನ್ನು ಬೆಳೆಯುವುದೇ ಹೆಚ್ಚಾಗಿ ಭಾರತಕ್ಕಾಗಿ, ಮನೆಯಲ್ಲಿ ಉಣ್ಣುವ ರೂಢಿ ಕಡಿಮೆ. ಹೀಗಾಗಿ ಮಾರಲಾಗದ ಕಾಳನ್ನು ಅವರು ಮಾಡುವುದಾದರೂ ಏನು? ಮುಂದೆ 2021ರ ಮೇ ತಿಂಗಳಲ್ಲಿ ಇಲ್ಲಿ ದರ ಏರಿದಾಗ ಆಮದನ್ನು ಮತ್ತೆ ಮುಕ್ತಗೊಳಿಸಲಾಯಿತು.

ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಅಫಜಲಪುರದ ರೈತನೂ ಮೊಜಾಂಬಿಕ್‌ನ ರೈತಳೂ ಕೂತಿದ್ದಾರೆ, ಒಬ್ಬರನ್ನೊಬ್ಬರು ನೋಡಿಲ್ಲ. ಅಲ್ಲಿನ ಕಾಳು ನಮ್ಮ ಬಂದರಿಗೆ ಬಂದಿಳಿಯುವುದು ನಮ್ಮ ರಾಶಿಗೆ ಸ್ವಲ್ಪ ಮೊದಲು. ಅದೇ ಹೊತ್ತಿಗೆ ಎಳ್ಳಮವಾಸ್ಯೆಯ ಆಚೀಚೆ ಇಲ್ಲಿನವರೆಲ್ಲರೂ ಸಾಲ ತೀರಿಸಲು ಒಟ್ಟಿಗೇ ಗಂಜಿಗೆ ಚೀಲ ಇಳಿಸುತ್ತಾರೆ.

ಇದನ್ನು ಒಬ್ಬ ಸ್ವಯಂಸೇವಕ ಬದಲಿಸಲಾರ. ಆದರೆ ದರದ ಲೆಕ್ಕವನ್ನು ಊರಿಗೆ ತಿಳಿಯುವಂತೆ ಮಾಡಬಲ್ಲ. ನೂರು ಕಿಲೋ ತೊಗರಿ ಮಿಲ್ಲಿಗೆ ಹೋದರೆ ಸುಮಾರು 70 ಕಿಲೋ ಬೇಳೆ ಬರುತ್ತದೆ. ಉಳಿದ ಹೊಟ್ಟು, ನುಚ್ಚು, ಚುನ್ನಿ ದನದ ಪಾಲು. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಆ ದರಕ್ಕೆ ಕೊಂಡ ತೊಗರಿಯಾದರೆ ಒಂದು ಕಿಲೋ ಬೇಳೆಯೊಳಗೆ ಕಾಳಿನ ಖರ್ಚೇ 114 ರೂಪಾಯಿ ಆಗುತ್ತದೆ, ಮಿಲ್ಲಿನ ಕೂಲಿ, ಕರೆಂಟು, ಸಾಗಾಟ ಬೇರೆ. ಕಾಳು 80 ರೂಪಾಯಿ ಆದರೆ ಬೇಳೆಗೇಕೆ ಇಷ್ಟು ಎಂದು ಮಿಲ್ಲಿನವರನ್ನು ಬೈಯುವ ಮುನ್ನ ಈ ಲೆಕ್ಕ ಗೊತ್ತಿರಬೇಕು. ಅದೇ ರೀತಿ, ಗಂಜಿನ ದರ 6,500ಕ್ಕೆ ಇಳಿದರೆ ಕಾಳಿನ ಖರ್ಚು 93ಕ್ಕೆ ಇಳಿಯುತ್ತದೆ. ಆಗ ಅಂಗಡಿಯ ಬೇಳೆಯ ದರವೂ ಇಳಿಯಿತೇ, ಇಳಿಯದಿದ್ದರೆ ನಡುವಿನ ಹಣ ಎಲ್ಲಿ ನಿಂತಿತು ಎಂದು ಕೇಳುವುದಕ್ಕೂ ಇದೇ ಲೆಕ್ಕ ಬೇಕು. ಮಾರುಕಟ್ಟೆಯ ಪ್ರತಿದಿನದ ಕನಿಷ್ಠ, ಗರಿಷ್ಠ, ಮಾದರಿ ದರಗಳು ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ಸಿಗುತ್ತವೆ. ಮಾದರಿ ದರವೆಂದರೆ ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಊರಿನಲ್ಲಿ ಸುದ್ದಿಯಾಗುವುದು ಯಾವಾಗಲೂ ಗರಿಷ್ಠ ದರ, ಕೈಗೆ ಬರುವುದು ಅದಲ್ಲ. ಸಂಜೆ ಹನುಮಂತ ದೇವರ ಕಟ್ಟೆಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಮಾದರಿ ದರ ಬರೆದಿಡುವ ಹುಡುಗ ಮಾಡುತ್ತಿರುವುದೂ ಆಹಾರ ವ್ಯವಸ್ಥೆಯ ಸ್ವಯಂಸೇವೆಯೇ.

ಎರೆಹೊಲದಲ್ಲಿ ‘ಸುಸ್ಥಿರ’

ಈ ಪದದ ಅರ್ಥವನ್ನು ಎಳ್ಳಮವಾಸ್ಯೆಯ ಭಜ್ಜಿಯ ಮೂಲಕ ಹೇಳುವುದು ನನಗೆ ಸುಲಭ. ಕಲಬುರಗಿ, ಬೀದರ್‌ನ ಮಂದಿ ಆ ದಿನ ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿಯ ಜೊತೆ ಭಜ್ಜಿ ಉಣ್ಣುತ್ತಾರೆ. ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಇನ್ನೂ ಸಿಕ್ಕ ಸೊಪ್ಪು ಕಾಯಿಗಳೆಲ್ಲ ಬಿದ್ದ ಭಜ್ಜಿಯ ಗಡಿಗೆಗೆ ಒಂದು ಕಾಲಕ್ಕೆ ಬಹುಪಾಲು ಅದೇ ಹೊಲದಿಂದಲೇ ಸಾಮಾನು ಬರುತ್ತಿತ್ತು. ಈಗ ಹಲವು ಮನೆಗಳಲ್ಲಿ ಹಿಂದಿನ ದಿನ ಸಂತೆಗೆ ಹೋಗಿ ಚೀಲ ತುಂಬಿಕೊಂಡು ಬಂದು, ಹೊಲದಲ್ಲಿ ಕೂತು ಉಣ್ಣುವ ಸ್ಥಿತಿಯಿದೆ. ಹೊಲದಲ್ಲಿ ಒಂದೇ ಬೆಳೆ ನಿಂತಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಅಳತೆಗೋಲು ನಾನು ಕಂಡಿಲ್ಲ.

ಹಲವು ಬೆಳೆ ಏಕೆ ಬೇಕು? ತೊಗರಿಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಕೂಡಿಸುತ್ತವೆ, ಉದುರಿದ ಎಲೆ ಗೊಬ್ಬರವಾಗುತ್ತದೆ, ಆಳದ ತಾಯಿಬೇರು ಕೆಳಗಿನ ಪದರದ ತೇವವನ್ನು ಎಳೆದುಕೊಳ್ಳುತ್ತದೆ. ಬಿಸಿಲ ನಾಡಿಗೆ ಇದಕ್ಕಿಂತ ಒಗ್ಗುವ ಬೆಳೆ ಸಿಗುವುದು ಕಷ್ಟ. ಆದರೂ ವರ್ಷ ವರ್ಷ ಅದೇ ಹೊಲದಲ್ಲಿ ತೊಗರಿಯೊಂದನ್ನೇ ಹಾಕಿದರೆ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಠಿಕಾಣಿ ಹೂಡುತ್ತದೆ. ಹೂವು ಕಾಯಿ ಬಿಟ್ಟು ನಿಂತ ಗಿಡ ನೋಡನೋಡುತ್ತಲೇ ಬಾಡುತ್ತದೆ. ನಡುವೆ ಜೋಳ ಹಾಕಿದಾಗ ಈ ರೋಗದ ಕಾಟ ತಗ್ಗುತ್ತದೆ ಎಂಬುದನ್ನು ಕೃಷಿ ವಿಜ್ಞಾನಿಗಳ ಪ್ರಯೋಗಗಳೂ ತೋರಿಸಿವೆ, ಅಕ್ಕಡಿ ಸಾಲು ಬಿತ್ತುತ್ತಿದ್ದ ಅಜ್ಜಂದಿರಿಗೂ ಗೊತ್ತಿತ್ತು. ಜೋಳ ಹೋದರೆ ಕಣಿಕೆ ಹೋಗುತ್ತದೆ, ಕಣಿಕೆ ಹೋದರೆ ದನ, ದನ ಹೋದರೆ ಗೊಬ್ಬರ.

ದಾಸೋಹ ಮತ್ತು ಹಕ್ಕಲು

ಸ್ವಯಂಸೇವೆ ಎಂದರೆ ಒತ್ತಾಯವಿಲ್ಲದೆ, ಹಣವೇ ಗುರಿಯಾಗದೆ, ಹತ್ತು ಜನರ ಒಳಿತಿಗೆ ಸಮಯ ಮತ್ತು ಶ್ರಮ ಕೊಡುವುದು. ಈ ಭಾಗದವರಿಗೆ ಇದರ ಪಾಠ ಬೇಕಿಲ್ಲ. ಬಸವಕಲ್ಯಾಣ ಶರಣರ ಊರು. ಕಲಬುರಗಿಯ ಶರಣಬಸವೇಶ್ವರರಿಗೆ ಮಹಾದಾಸೋಹಿ ಎಂದೇ ಹೆಸರು. ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ರೊಟ್ಟಿ ಲಟ್ಟಿಸುವವರೂ ಪಾತ್ರೆ ಬೆಳಗುವವರೂ ಸೇವೆಗೆಂದು ಬಂದವರೇ.

ಆದರೆ ಶರಣರ ಕತೆಗಳಲ್ಲಿ ಈ ವಿಷಯಕ್ಕೆ ಅತ್ಯಂತ ಹತ್ತಿರವಾದದ್ದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಇದು ನಮಗೆ ಬೇಕಾದದ್ದಲ್ಲ, ಹಿಂದಕ್ಕೆ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳಂತೆ. ಚೆಲ್ಲಿದ ಕಾಳನ್ನು ಪೋಲಾಗಲು ಬಿಡದಿರುವುದು, ಬೇಕಾದದ್ದಕ್ಕಿಂತ ಹೆಚ್ಚು ಮುಟ್ಟದಿರುವುದು, ಎರಡೂ ಈ ಕತೆಯಲ್ಲಿವೆ. ಕೊಯ್ಲಾದ ಹೊಲದಲ್ಲಿ ಉಳಿದ ತೆನೆ ಆಯುವುದಕ್ಕೆ ನಮ್ಮಲ್ಲಿ ‘ಹಕ್ಕಲು’ ಎಂಬ ಪದವಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಇಂದು ಸ್ವಯಂಸೇವಕರ ಗುಂಪುಗಳು ಹೊಲಗಳಿಗೆ ಹೋಗಿ ಮಾರಾಟವಾಗದ ತರಕಾರಿ, ಹಣ್ಣು ಆಯ್ದು ಹಸಿದವರಿಗೆ ತಲುಪಿಸುವುದು ಹಕ್ಕಲಿನ ಹೊಸ ರೂಪ. ಒಂದು ಎಚ್ಚರ ಬೇಕು: ನಮ್ಮ ಹಳ್ಳಿಗಳಲ್ಲಿ ಹಕ್ಕಲು ಭೂಮಿಯಿಲ್ಲದ ಹೆಣ್ಣುಮಕ್ಕಳ ಪಾಲು. ಅವರಿಗಿಂತ ಮೊದಲು ನಗರದ ಗುಂಪು ಹೊಲಕ್ಕೆ ಇಳಿದರೆ ಅದು ಸೇವೆಯಾಗದು.

ಉಳಿದ ಊಟವನ್ನು ತಲುಪಿಸುವ ಕೆಲಸ

ಹೆಚ್ಚಿನವರಿಗೆ ಗೊತ್ತಿರುವ ಕೆಲಸ ಇದು. ಮದುವೆ ಮನೆಯಲ್ಲಿ ಉಳಿದದ್ದನ್ನು ಹಸಿದವರಿಗೆ ಮುಟ್ಟಿಸುವ ಗುಂಪುಗಳಲ್ಲಿ 2014ರಲ್ಲಿ ದೆಹಲಿಯಲ್ಲಿ ಆರಂಭವಾದ ರಾಬಿನ್ ಹುಡ್ ಆರ್ಮಿ ಹೆಸರಾದದ್ದು. ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ಹಂಚಿಕೆಗೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2019ರಲ್ಲಿ ಪ್ರತ್ಯೇಕ ನಿಯಮಾವಳಿಯನ್ನೇ ಮಾಡಿದೆ.

ನಿಯಮ ಏಕೆ ಬೇಕೆಂಬುದು ನನಗೆ ಅರ್ಥವಾದದ್ದು ಒಂದು ಮೇ ತಿಂಗಳಲ್ಲಿ. ಮಧ್ಯಾಹ್ನದ ಮದುವೆಯೂಟದಲ್ಲಿ ಉಳಿದ ಎರಡು ಬುಟ್ಟಿ ಮೊಸರನ್ನ ಮತ್ತು ಒಂದು ಕೊಪ್ಪರಿಗೆ ಪಲಾವನ್ನು ಆಟೊದಲ್ಲಿ ಹಾಕಿಕೊಂಡು, ಯಾರಿಗೆ ಕೊಡಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳದೆ, ಬಿಸಿಲಿನಲ್ಲಿ ಊರೆಲ್ಲ ಸುತ್ತಿದೆ. ಕೊನೆಗೆ ಒಂದು ಕಟ್ಟಡದ ಕೂಲಿಗಳ ಗುಡಿಸಲ ಹತ್ತಿರ ನಿಲ್ಲಿಸಿ ಮುಚ್ಚಳ ತೆಗೆದಾಗ ಹಳಸಿದ ವಾಸನೆ ಮೂಗಿಗೆ ಬಡಿಯಿತು. ತಾಟು ಹಿಡಿದು ಓಡಿ ಬಂದಿದ್ದ ಮಕ್ಕಳನ್ನು ಹಿಂದಕ್ಕೆ ಕಳಿಸಬೇಕಾಯಿತು. ತಪ್ಪು ಪೂರ್ತಿ ನನ್ನದೇ. ಬೆಂದ ಆಹಾರ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದಷ್ಟು ಹೊತ್ತು ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತಲೇ ಇರುತ್ತವೆ. ನಮ್ಮ ಬೇಸಿಗೆಯ 43 ಡಿಗ್ರಿ ಅವುಗಳಿಗೆ ಹಬ್ಬ. ಅನ್ನದಲ್ಲಿ ಬೆಳೆಯುವ ಕೆಲವು ಜೀವಿಗಳು ಬಿಟ್ಟ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ಮೊದಲು ಕೇಳಬೇಕಾದದ್ದು ಎಷ್ಟು ಉಳಿದಿದೆ ಎಂದಲ್ಲ, ಎಷ್ಟು ಗಂಟೆಗೆ ಬೆಂದದ್ದು ಎಂದು. ಉಣ್ಣುವವರು ಯಾರು, ಎಲ್ಲಿ ಎಂಬುದು ಆಟೊ ಹತ್ತುವ ಮೊದಲೇ ತೀರ್ಮಾನವಾಗಿರಬೇಕು.

ಕಾಗದ, ತೇವಾಂಶ, ಪಡಿತರ

ಕಣ್ಣಿಗೆ ಬೀಳದ, ಫೋಟೊಕ್ಕೆ ಒಗ್ಗದ ಕೆಲಸಗಳು ಇಲ್ಲಿವೆ. ನನ್ನ ಎಣಿಕೆಯಲ್ಲಿ ಸ್ವಯಂಸೇವಕರ ಒಂದು ತಾಸಿಗೆ ಅತಿ ಹೆಚ್ಚು ಬೆಲೆ ಬರುವುದೂ ಇಲ್ಲಿಯೇ.

ಬೆಂಬಲ ಬೆಲೆಯಲ್ಲಿ ತೊಗರಿ ಮಾರಬೇಕಾದರೆ ರೈತರು ನೋಂದಣಿ ಮಾಡಿಸಬೇಕು, ಅದಕ್ಕೆ ರೈತರ ವಿವರ ದಾಖಲಿಸುವ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶದ ಗುರುತಿನ ಸಂಖ್ಯೆ ಬೇಕು, ಅದಕ್ಕೆ ಪಹಣಿ ಮತ್ತು ಆಧಾರ್ ಹೊಂದಬೇಕು. ನಮ್ಮ ಓಣಿಯ ಆ ಹುಡುಗಿಯನ್ನು ಪಹಣಿಯಲ್ಲಿ ಯಾರ ಹೆಸರಿದೆ ಎಂದು ಕೇಳಿದೆ. ‘ಅಜ್ಜಂದು’ ಎಂದಳು. ಅಜ್ಜ ತೀರಿ ಒಂಬತ್ತು ವರ್ಷವಾಗಿದೆ. ಬಿತ್ತನೆಯಿಂದ ರಾಶಿಯವರೆಗೆ ಹೊಲದಲ್ಲಿರುವವಳು ಅವಳ ತಾಯಿ, ಆದರೆ ದಾಖಲೆಯ ಪ್ರಕಾರ ಆಕೆ ರೈತಳಲ್ಲ. ಬೆಳೆ ಸಾಲ, ವಿಮೆ, ಪರಿಹಾರ, ಬೆಂಬಲ ಬೆಲೆ ಎಲ್ಲವೂ ಪಹಣಿಯ ಹೆಸರನ್ನೇ ಹುಡುಕಿಕೊಂಡು ಹೋಗುತ್ತವೆ. ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಜಮೀನಿನ ಖಾತೆ ಬದಲಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅರ್ಜಿ ಇಷ್ಟನ್ನು ಜೋಡಿಸಿಕೊಟ್ಟು ನಾಡಕಚೇರಿಗೆ ಜೊತೆಯಲ್ಲಿ ಹೋಗುವ ಓದುಬಲ್ಲ ಹುಡುಗಿಯೊಬ್ಬಳು ರೈತ ಮಹಿಳೆಯರ ವರ್ಷಕ್ಕೆ ಮಾಡಬಹುದಾದ ಕೆಲಸವಿದು. ಹೆಣ್ಣುಮಕ್ಕಳ ಹೆಸರೂ ವಂಶವೃಕ್ಷದಲ್ಲಿ ಬಂದಿದೆಯೇ ಎಂದು ನೋಡುವುದೂ ಅದರಲ್ಲಿ ಸೇರಿದೆ.

ಇನ್ನು ತೇವಾಂಶ. ಖರೀದಿ ಕೇಂದ್ರದಲ್ಲಿ ತೊಗರಿಯ ತೇವ ಶೇ 12ಕ್ಕಿಂತ ಹೆಚ್ಚಿರಬಾರದು. ರೈತರು ಕಾಳನ್ನು ಹಲ್ಲಿನಿಂದ ಕಡಿದು, ‘ಕಟ್’ ಎಂದರೆ ಒಣಗಿದೆ, ಮೆತ್ತಗಾದರೆ ಇನ್ನೊಂದು ದಿನ ಬಿಸಿಲು ಬೇಕು ಎಂದು ನಿರ್ಧರಿಸುತ್ತಾರೆ. ಹಲ್ಲಿನ ಅಂದಾಜು ಸಾಮಾನ್ಯವಾಗಿ ತಪ್ಪುವುದಿಲ್ಲ, ಆದರೆ ತಕ್ಕಡಿಯ ಮುಂದೆ ಅದಕ್ಕೆ ಸಾಕ್ಷಿಯ ಬೆಲೆಯಿಲ್ಲ. ಅಂಗೈಯಗಲದ ತೇವಾಂಶ ಮಾಪಕ ಊರಿನಲ್ಲಿ ಒಂದಿದ್ದರೆ, ಒಂದು ಹಿಡಿ ಕಾಳು ಸುರಿದು ಮುಚ್ಚಳ ತಿರುಗಿಸಿದರೆ, ಕೆಲವೇ ಕ್ಷಣಗಳಲ್ಲಿ 13.4 ಎಂದೋ 11.6 ಎಂದೋ ಅಂಕಿ ಮೂಡುತ್ತದೆ. 13.4 ಬಂದವರು ಮನೆಯಂಗಳದಲ್ಲೇ ಇನ್ನೊಂದು ದಿನ ಒಣಗಿಸುತ್ತಾರೆ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಹೋಗಿ ಚೀಲ ವಾಪಸು ತರುವುದು ತಪ್ಪುತ್ತದೆ.

ಪಡಿತರದ ಬದಿಯಲ್ಲಿ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಇದೆ. ಅದು ಧಾನ್ಯವನ್ನು ದಾನವಾಗಿ ನೋಡುವುದಿಲ್ಲ, ಹಕ್ಕಾಗಿ ನೋಡುತ್ತದೆ. ನ್ಯಾಯಬೆಲೆ ಅಂಗಡಿಯ ಮಟ್ಟದವರೆಗೆ ಜಾಗೃತಿ ಸಮಿತಿಗಳಿರಬೇಕು, ಸಾಮಾಜಿಕ ಲೆಕ್ಕಪರಿಶೋಧನೆ ನಡೆಯಬೇಕು ಎಂದು ಕಾಯ್ದೆಯಲ್ಲೇ ಇದೆ. ಅಂದರೆ ಊರಿನವರೇ ಕೂತು ದಾಸ್ತಾನಿನ ಪುಸ್ತಕವನ್ನೂ ತೂಕವನ್ನೂ ತಾಳೆ ನೋಡಬಹುದು. ಯಾದಗಿರಿಯ ಸುರಪುರ, ಶಹಾಪುರ, ಗುರುಮಠಕಲ್ ಕಡೆಯಿಂದ ಬೆಂಗಳೂರು, ಮುಂಬೈ, ಪುಣೆಗೆ ಗುಳೆ ಹೋದ ಕುಟುಂಬಗಳಿಗೆ ಇನ್ನೊಂದು ಸಂಗತಿ ತಿಳಿದಿರಬೇಕು. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ, ಕೇಂದ್ರ ಕಾಯ್ದೆಯಡಿ ಬರುವ ಚೀಟಿಯಿದ್ದವರು ದುಡಿಯುವ ಊರಿನ ಅಂಗಡಿಯಲ್ಲೇ ಆ ಪಾಲನ್ನು ಪಡೆಯಬಹುದು. ರಾಜ್ಯ ತನ್ನ ಲೆಕ್ಕದಲ್ಲಿ ಕೊಡುವ ಹೆಚ್ಚುವರಿ ಪಾಲು ರಾಜ್ಯದ ಗಡಿಯಾಚೆ ಬರುವುದಿಲ್ಲ. ಗುಳೆ ಹೊರಡುವ ಬಸ್ಸು ನಿಲ್ಲುವ ಕಡೆ ಇದನ್ನು ಹೇಳಿ, ಬೆರಳಚ್ಚು ಸರಿಯಾಗಿ ಹೊಂದುತ್ತದೆಯೇ ಎಂದು ಹೊರಡುವ ಮೊದಲೇ ನೋಡಿಸಿದರೆ, ಆ ಕುಟುಂಬ ಪರ ಊರಿನಲ್ಲಿ ಅಕ್ಕಿ ಕೊಳ್ಳಲು ಮುಂಗಡ ಕೂಲಿಗೆ ಕೈಚಾಚುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಬೀಜದ ಹಕ್ಕು, ನೆರೆಹೊಲದ ಸಾಕ್ಷಿ

ನಮ್ಮ ದೇಶದ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ರೈತರು ತಮ್ಮ ಬೆಳೆಯ ಬೀಜವನ್ನು ಕಾದಿಡುವ, ಬಿತ್ತುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು ಉಳಿಸಿದೆ. ಸಂರಕ್ಷಿತ ತಳಿಯ ಬೀಜವನ್ನು ಕಂಪನಿಯಂತೆ ಚೀಟಿ ಅಂಟಿಸಿ ಮಾರುವಂತಿಲ್ಲ, ಅಷ್ಟೇ. ಸಮುದಾಯ ಬೀಜ ಬ್ಯಾಂಕ್ ನಿಂತಿರುವುದು ಇದೇ ಹಕ್ಕಿನ ಮೇಲೆ: ಸೇರು ಬೀಜ ಒಯ್ದವರು ಸುಗ್ಗಿಯಲ್ಲಿ ಅದಕ್ಕಿಂತ ಹೆಚ್ಚು ಮರಳಿಸುತ್ತಾರೆ.

ಸಾವಯವ ಬೇಳೆ ಎಂದು ಮಾರುವವರ ಮಾತನ್ನು ಗಿರಾಕಿ ನಂಬುವುದು ಹೇಗೆ? ರಫ್ತಿಗಾದರೆ ಹೊರಗಿನ ಪ್ರಮಾಣೀಕರಣ ಸಂಸ್ಥೆ ಬಂದು ನೋಡಬೇಕು. ಸಣ್ಣ ರೈತರಿಗೆ ಅದರ ಖರ್ಚು ಭಾರ. ಅದಕ್ಕೆ ಬದಲಾಗಿ ‘ಪಿಜಿಎಸ್-ಇಂಡಿಯಾ’ ಎಂಬ ಸಹಭಾಗಿ ಖಾತರಿ ಪದ್ಧತಿಯಿದೆ. ಅಕ್ಕಪಕ್ಕದ ಐದಾರು ಅಥವಾ ಹೆಚ್ಚು ರೈತರು ಗುಂಪು ಮಾಡಿಕೊಂಡು, ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಿ, ಒಟ್ಟಾಗಿ ಖಾತರಿ ಕೊಡುತ್ತಾರೆ. ನೆರೆಹೊಲದವನು ಯಾವ ದಿನ ಏನು ಸಿಂಪಡಿಸಿದ ಎಂಬುದು ನೆರೆಯವನಿಗೆ ಗೊತ್ತಿರುವಷ್ಟು ಯಾವ ಅಧಿಕಾರಿಗೆ ಗೊತ್ತಿರುತ್ತದೆ? ಈ ಪರಿಶೀಲನೆಗೆ ಕೊಳ್ಳುವವರೂ ಬರಬಹುದು. ಬರೆಯಲು ಬರುವ ಸ್ವಯಂಸೇವಕರಿಗೆ ದಾಖಲೆ ಇಡುವ ಕೆಲಸ ಬೇಕಾದಷ್ಟಿದೆ.

ಇವೆಲ್ಲ ಸೇರಿ ಹೇಗೆ ಕೆಲಸ ಮಾಡುತ್ತವೆ ಎಂದು ನೋಡಬೇಕಾದವರು ಬೀದರಿನಿಂದ ಗಡಿ ದಾಟಿ ತೆಲಂಗಾಣದ ಜಹೀರಾಬಾದ್ ಕಡೆಗೆ ಹೋಗಬಹುದು. ಅಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯ ದಲಿತ ಹೆಣ್ಣುಮಕ್ಕಳು. ಅವರು ಪಾಳು ಬಿದ್ದ ಹೊಲಗಳನ್ನು ಮತ್ತೆ ಬಿತ್ತಿ, ಹಲವು ಬೆಳೆ ಬೆಳೆದು, ಊರಿನಲ್ಲೇ ಜೋಳ ಕೂಡಿಟ್ಟು ಬಡವರಿಗೆ ಕಡಿಮೆ ದರದಲ್ಲಿ ಕೊಡುವ ತಮ್ಮದೇ ಪಡಿತರ ಕಟ್ಟಿಕೊಂಡರು. 2008ರಿಂದ ‘ಸಂಘಂ ರೇಡಿಯೊ’ವನ್ನೂ ಅವರೇ ನಡೆಸುತ್ತ ಬಂದಿದ್ದಾರೆ. 2019ರಲ್ಲಿ ಈ ಸೊಸೈಟಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು.

ಕೂಲಿ ಕಸಿಯುವ ಸೇವೆ

ಇಂಗ್ಲೆಂಡಿನಲ್ಲಿ 1971ರಲ್ಲಿ ಆರಂಭವಾದ ‘ವೂಫ್’ ಎಂಬ ಜಾಲದಲ್ಲಿ ಸ್ವಯಂಸೇವಕರು ಸಾವಯವ ತೋಟಗಳಿಗೆ ಹೋಗಿ ದುಡಿದು, ಬದಲಿಗೆ ಊಟ ವಸತಿ ಪಡೆದು ಕೃಷಿ ಕಲಿಯುತ್ತಾರೆ. ಇದನ್ನು ಓದಿದ ಕೆಲವರು ರಾಶಿಯ ಹೊತ್ತಿಗೆ ಕಾಲೇಜಿನ ಐವತ್ತು ಮಕ್ಕಳನ್ನು ಹೊಲಕ್ಕೆ ಇಳಿಸಬೇಕೆಂದು ಉತ್ಸಾಹ ತೋರುತ್ತಾರೆ. ವರ್ಷದಲ್ಲಿ ಕೆಲವೇ ವಾರ ಸಿಗುವ ಸುಗ್ಗಿ ಕೂಲಿಯಲ್ಲಿ ಮುಂದಿನ ತಿಂಗಳುಗಳ ಸಂಸಾರ ನಡೆಸುವ ಹೆಣ್ಣಾಳುಗಳ ಎದುರಿಗೆ ಪುಕ್ಕಟೆ ಕೈಗಳನ್ನು ನಿಲ್ಲಿಸಿದರೆ ಕೂಲಿಯ ದರ ಕುಗ್ಗುತ್ತದೆ. ನಮ್ಮಲ್ಲಿದ್ದ ಮುಯ್ಯಾಳು ಪದ್ಧತಿ ಪುಕ್ಕಟೆಯದಲ್ಲ, ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕೆಂಬ ಲೆಕ್ಕದ್ದು. ಕೂಲಿ ಸಿಗುವ ಕೆಲಸವನ್ನು ಮುಟ್ಟದೆ, ಯಾರೂ ಕೂಲಿ ಕೊಟ್ಟು ಮಾಡಿಸದ ಕೆಲಸವನ್ನು ಹುಡುಕಿಕೊಳ್ಳುವುದು ಇಲ್ಲಿನ ರೂಢಿಯಾಗಬೇಕು.

ಎಲ್ಲಿ ಕೇಳಬೇಕು?

ಬೆಳೆ, ಬೀಜ, ರೋಗಗಳ ಬಗ್ಗೆ ಕಲಬುರಗಿ, ಬೀದರ್‌ನ ಜನವಾಡ, ಯಾದಗಿರಿ ಜಿಲ್ಲೆಯ ಕವಡಿಮಟ್ಟಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು. ಪಡಿತರದ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಎಂಬುದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಲು ಯಾವ ಅರ್ಜಿಯೂ ಬೇಕಿಲ್ಲ.

ಓಣಿಯ ಹುಡುಗಿ ಆ ಖಾಲಿ ಗೆರೆಯಲ್ಲಿ ‘ಅವ್ವನ ಪೌತಿ ಖಾತೆ, ಊರಿಗೊಂದು ತೇವಾಂಶ ಮಾಪಕ, ಕಟ್ಟೆಯ ಮೇಲೆ ಗಂಜಿನ ದರ’ ಎಂದು ಬರೆದಳು. ಜಾಗ ಸಾಲದೆ ಕೊನೆಯ ಎರಡು ಪದ ಅಂಚಿಗೆ ಹೋದವು. ವಾರಕ್ಕೆ ಎಷ್ಟು ತಾಸು ಎಂಬಲ್ಲಿ ಸ್ವಲ್ಪ ಹೊತ್ತು ಯೋಚಿಸಿ, ‘ರಾಶಿ ಮುಗಿಯುವತನಕ ಐತವಾರ ಮಾತ್ರ’ ಎಂದು ತುಂಬಿದಳು.